ಗುರುವಾರದ ಮೇಜು

ಗುರುವಾರ ರಾತ್ರಿ ಹತ್ತೂಕಾಲಿಗೆ
ಎದುರಿನ ಫಿಲ್ಮ್ ಕ್ಲಬ್ಬಿನ ದೀಪ ಆರುತ್ತದೆ.
ನದಿ ಕಡೆಯ ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ
ಒಳಗೆ ಬರುತ್ತಾರೆ ನಾಲ್ವರು.
ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ:
ಎರಡು ಕಾಫಿ, ಜೇನು ಬೆರೆಸಿದ ಒಂದು ಗ್ರಪ್ಪ,
ಡಾಕ್ಟರು ಬೇಡವೆಂದದ್ದರಿಂದ ನೆಲಿದಾಗೆ
ಬಿಸಿನೀರು, ನಿಂಬೆ ಸಿಪ್ಪೆ.

ಮೊಂತೆವಿದೆಯೊದಲ್ಲಿ ಇಂಥ ಮೇಜು ಇನ್ನೂ ಇರಬಹುದು.
ನನಗೆ ಗೊತ್ತಿರುವುದು ಇದೊಂದೇ.
ಅಲುಗಾಡದಿರಲೆಂದು ಇದರ ಕಾಲಡಿ ಮಡಚಿಟ್ಟದ್ದು
ಎಂದೋ ಮುಗಿದ ಚಿತ್ರೋತ್ಸವದ ಕರಪತ್ರ.

"ನೋಡಲೇಬೇಕು ಅದನ್ನ," ಎನ್ನುತ್ತಾನೆ ವಿಲ್ಮಾರ್,
ಯಾರಿಗೆಂದಿಲ್ಲ, ಸಕ್ಕರೆ ಡಬ್ಬಿಗೂ ಹೇಳಿಯಾನು.
ಜಪಾನಿನದು, ಮೂರು ಗಂಟೆ, ಮಾತು ಕಮ್ಮಿ,
ಒಬ್ಬ ಮುದುಕ ಛತ್ರಿ ರಿಪೇರಿ ಮಾಡುತ್ತಾನೆ, ಅಷ್ಟೆ.
"ಅಷ್ಟೆ ಅಂದರೆ ಅಷ್ಟೇ," ದೆಲ್ಮಿರಾ,
"ಎರಡನೇ ಛತ್ರಿಗೇ ನನಗೆ ನಿದ್ದೆ."

ಎವುಲೋಹಿಯೊಗೆ ಎಲ್ಲ ಚಿತ್ರವೂ ಪಕ್ಕದ ಸೀಟಿನ ನೆನಪು:
ಯಾವುದಕ್ಕೆ ಹೆಂಡತಿ ಅತ್ತಳು,
ಯಾವುದಕ್ಕೆ ಶೂ ಬಿಚ್ಚಿ ಕಾಲು ಮಡಚಿ ಕೂತಳು,
ಸೈನ್ಯದವರ ಕಾಲದಲ್ಲಿ ಯಾವುದರ ಕೊನೆಯ ರೀಲು ಬಿಟ್ಟು
ಇಬ್ಬರೂ ಕೊನೆಯ ಬಸ್ಸಿಗೆ ಓಡಿದರು.
ಆ ಕೊನೆಯನ್ನು ಅವನು ಇಂದಿಗೂ ನೋಡಿಲ್ಲ.
ಯಾರಾದರೂ ಹೇಳಹೊರಟರೆ ಕಿವಿ ಮುಚ್ಚುತ್ತಾನೆ.

ಜಗಳದ ಚಿತ್ರ ಮಾತ್ರ ಒಂದೇ, ಬಂದರಿನದು.
ಹೊರಡಲಿರುವ ಹಡಗು, ಹೋಟೆಲಿನಲ್ಲಿ ಇಬ್ಬರು.
ನೆಲಿದಾ: ಅವಳ ಕೋಟು ಹಸಿರು.
ವಿಲ್ಮಾರ್: ಅಮ್ಮಾ ತಾಯಿ, ಕಪ್ಪು ಬಿಳುಪಿನಲ್ಲಿ ಹಸಿರೆಲ್ಲಿಂದ?
ನೆಲಿದಾ: ಹಸಿರೆಂದರೆ ಹಸಿರು. ಬಟಾಣಿಯದಲ್ಲ, ಆಲಿವಿನದು.
ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತವಳಿಗೆ
ಬೂದು ಬಣ್ಣದಡಿ ಏನು ಅಡಗಿದೆಯೆಂದು
ನೀನು ಹೇಳಿಕೊಡಬೇಡ.

ಹನ್ನೊಂದು ವರ್ಷ ಟ್ರೇ ಹಿಡಿದು ನಿಂತು
ಒಂದನ್ನೂ ನೋಡದೆ ಎಲ್ಲವನ್ನೂ ನೋಡಿದ್ದೇನೆ.
ನಡುನಡುವೆ ಮೂರನೇ ಮೇಜು ಬಿಲ್ಲು ಕೇಳಿದ್ದರಿಂದ
ನನ್ನ ತಲೆಯೊಳಗೆ ಛತ್ರಿಯ ಮುದುಕ
ಬಂದರಿನ ಹಡಗು ಹತ್ತಿಬಿಟ್ಟಿದ್ದಾನೆ;
ಕುದುರೆ ಕಳ್ಳನೊಬ್ಬ ಪ್ಯಾರಿಸಿನ ಆಸ್ಪತ್ರೆಯಲ್ಲಿ
ಪಿಯಾನೊ ನುಡಿಸುತ್ತಾನೆ.
ಚೆನ್ನಾಗಿಯೇ ಇವೆ. ಯಾರಿಗೂ ಹೇಳಿಲ್ಲ.

ಆಗಸ್ಟಿನ ಚಳಿಯ ಒಂದು ಸೋಮವಾರ, ನನ್ನ ರಜೆ,
ಬಂದರಿನ ಚಿತ್ರ ಮತ್ತೆ ಹಾಕಿದ್ದರು. ಹೋದೆ.
ಹಾಲಿನಲ್ಲಿ ಆರು ಜನ, ಒಂದು ಹೀಟರು.
ಕೋಟನ್ನು ಅವಳು ತೊಡುವುದೇ ಇಲ್ಲ.
ತೋಳ ಮೇಲೆ ಹಾಕಿಕೊಂಡು ಬಾಗಿಲು ದಾಟುತ್ತಾಳೆ,
ನಾಲ್ಕೆಣಿಸುವುದರೊಳಗೆ ಮುಗಿಯಿತು.
ಬಣ್ಣ? ಗಮನಿಸಲಿಲ್ಲ.
ನಾನು ನೋಡುತ್ತಿದ್ದದ್ದು ಅವರ ಹಿಂದೆ, ಎಡಮೂಲೆಯಲ್ಲಿ
ಬೆನ್ನು ಹಾಕಿ ಮೇಜು ಒರೆಸುತ್ತಿದ್ದವನನ್ನು.

ಪ್ರೀತಿ ಮುರಿದು ಬೀಳುವ ಅಷ್ಟೂ ಹೊತ್ತು
ಅವನು ಒರೆಸಿದ್ದು ಒಂದೇ ಮೇಜು.
ಬಟ್ಟೆಯನ್ನು ಗುಂಡಗೆ ತಿರುಗಿಸುತ್ತಿದ್ದ. ತಪ್ಪು.
ಆಚೆ ಅಂಚಿನಿಂದ ತನ್ನ ಕಡೆಗೆ ಎಳೆಯಬೇಕು,
ಇಲ್ಲದಿದ್ದರೆ ಬ್ರೆಡ್ಡಿನ ಚೂರೆಲ್ಲ ಗಿರಾಕಿಯ ಮಡಿಲಿಗೆ.
ಕೆಲಸ ಗೊತ್ತಿಲ್ಲದವನು, ಎಂದುಕೊಂಡೆ.
ಆಮೇಲೆ: ಇಲ್ಲ, ಗೊತ್ತಿದೆ.
ಕೇಳಿಸಿಕೊಳ್ಳುವಾಗ ನಾನೂ ಹಾಗೇ ಒರೆಸುತ್ತೇನೆ.

ಗುರುವಾರ ಹೇಳಿಬಿಟ್ಟೆ.
ನಾಲ್ವರೂ ಸುಮ್ಮನಾದರು.
"ಯಾವ ಮೂಲೆ?"
ವಿಲ್ಮಾರ್ ಹದಿನಾಲ್ಕು ಸಲ ನೋಡಿದ್ದನಂತೆ.
ದೆಲ್ಮಿರಾ ಪೇಪರ್ ನ್ಯಾಪ್ಕಿನ್ನಿನ ಮೇಲೆ ಹೋಟೆಲು ಬರೆದಳು:
ಕಿಟಕಿ, ದೀಪ, ಅವಳು, ಅವನು.
ಎಡಮೂಲೆ ಖಾಲಿ. ಪೆನ್ನು ನನ್ನ ಕೈಗೆ ಕೊಟ್ಟಳು.
ನನಗೆ ಚಿತ್ರ ಬಿಡಿಸಲು ಬಾರದು.
ಒಂದು ಗೆರೆ ಎಳೆದೆ, ಅದರ ತುದಿಗೆ ಒಂದು ಸೊನ್ನೆ.
ಎವುಲೋಹಿಯೊ ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ಅದನ್ನೇ ನೋಡಿದ,
ತಾನು ಬಿಟ್ಟುಬಂದ ರೀಲು ಅದೇ ಎಂಬಂತೆ.

ಕೊನೆಗೆ ನೆಲಿದಾ
ನಿಂಬೆ ಸಿಪ್ಪೆಯನ್ನು ಸಾಸರಿಗೆ ತೆಗೆದಿಟ್ಟು ಕೇಳಿದಳು:
"ಅವನ ಏಪ್ರನ್ನು ಯಾವ ಬಣ್ಣ?"

ನೀಲಿ, ಅಂದೆ.
ಮೂರನೇ ಮೇಜು ಬಿಲ್ಲು ಕೇಳುತ್ತಿತ್ತು.